ನಕಾರದ ಬೇರುಗಳು

ಕನ್ನಡದಲ್ಲಿ ‘ನಕಾರ’ ಎಂದರೆ ‘ನ’ ಎಂಬ ಅಕ್ಷರವೂ ಹೌದು, ಒಪ್ಪದಿರುವಿಕೆಯೂ ಹೌದು. ಆದರೆ ಕನ್ನಡದ ಸ್ವಂತ ನಿಷೇಧಪದಗಳನ್ನು ಸಾಲಾಗಿ ಹೇಳಿ ನೋಡಿದರೆ ಇಲ್ಲ, ಅಲ್ಲ, ಬೇಡ, ಒಲ್ಲೆ, ಕೂಡದು ಎಂಬ ಇವುಗಳಲ್ಲಿ ಒಂದರಲ್ಲೂ ‘ನ’ ಕೇಳಿಸುವುದಿಲ್ಲ. ಒಪ್ಪದಿರುವಿಕೆಗೆ ಆ ಅಕ್ಷರದ ಹೆಸರು ಬಂದದ್ದು ಸಂಸ್ಕೃತದಿಂದ. ಅಲ್ಲಿ ‘ಇಲ್ಲ’ ಎನ್ನುವುದಕ್ಕೂ ‘ಅಲ್ಲ’ ಎನ್ನುವುದಕ್ಕೂ ಮೂಲ ಮಾತು ಒಂದೇ, ಅದು ‘ನ’. ಈ ಪುಟ್ಟ ಮಾತಿನ ಬಂಧುಬಳಗ ಭಾರತದಿಂದ ಐರ್ಲೆಂಡಿನವರೆಗೆ ಹರಡಿದೆ. ಅದು ಎಲ್ಲಿ ಹುಟ್ಟಿತು, ಹೇಗೆ ಸವೆಯಿತು, ಸವೆದಾಗಲೆಲ್ಲ ಯಾವ ಯಾವ ಪದಗಳ ಆಸರೆಯಿಂದ ಮತ್ತೆ ಎದ್ದು ನಿಂತಿತು ಎಂಬುದು ಭಾಷೆಗಳ ಇತಿಹಾಸದಲ್ಲಿ ಬಹಳ ಚೆನ್ನಾಗಿ ಬೆಳಕು ಕಂಡ ಅಧ್ಯಾಯಗಳಲ್ಲಿ ಒಂದು.

ಮೊದಲು ಈ ಬಳಗದ ಪರಿಚಯ. ಪರ್ಷಿಯಾದ ದೊರೆ ಒಂದನೆಯ ಡೇರಿಯಸ್ ಬೆಹಿಸ್ತೂನಿನ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ‘ಇಲ್ಲ’ ಎಂಬುದಕ್ಕೆ ‘ನಇಯ್’ ಎಂದಿದೆ. ಕ್ರಿ.ಶ. 4ನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲ ಗಾಥಿಕ್ ಭಾಷೆಗೆ ಮಾಡಿದ ಬೈಬಲ್ ಅನುವಾದದಲ್ಲಿ ಆ ಜಾಗದಲ್ಲಿ ‘ನಿ’ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ನೆ’, ಹಳೆಯ ಐರಿಶ್‌ನಲ್ಲಿ ‘ನೀ’, ಹಳೆಯ ಚರ್ಚ್ ಸ್ಲಾವಿಕ್‌ನಲ್ಲಿ ‘ನೆ’. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಇಂದಿಗೂ ಜನ ಆಡುವ ಲಿಥುವೇನಿಯನ್‌ನಲ್ಲಿಯೂ ‘ನೆ’. ಟರ್ಕಿಯ ಹತ್ತುಸಾದಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳ ಹಿಟೈಟ್ ಭಾಷೆಯನ್ನು ಬೆಡ್ರಿಕ್ ಹ್ರೋಜ್ನಿ 1915ರಲ್ಲಿ ಬಿಡಿಸಿದರು. ಆ ಭಾಷೆಯಲ್ಲೂ ‘ನತ್ತ’ ಎಂಬ ನಿಷೇಧಪದವಿದೆ. ಹಿಟೈಟ್ ಲಿಪಿಕಾರರು ಎಷ್ಟೋ ಸಲ ಅದರ ಬದಲು ಅಕ್ಕಾಡಿಯನ್ ಭಾಷೆಯ ‘ಉಲ್’ ಎಂಬ ಪದವನ್ನು ಬರೆದಿಟ್ಟರು. ‘ಉಲ್’ ಎಂದು ಬರೆದಿದ್ದರೂ ಅದು ನಿಂತದ್ದು ‘ನತ್ತ’ ಎಂಬುದರ ಪರವಾಗಿ.

ಈ ಹೋಲಿಕೆ ಆಕಸ್ಮಿಕವಲ್ಲ. ಈ ಭಾಷೆಗಳೆಲ್ಲ ಐದಾರು ಸಾವಿರ ವರ್ಷಗಳ ಹಿಂದೆ ಜನ ಆಡುತ್ತಿದ್ದ ಒಂದು ತಾಯಿಭಾಷೆಯಿಂದ ಕವಲೊಡೆದವು. ಆ ಭಾಷೆಯಲ್ಲಿ ಬರೆದ ಒಂದು ಅಕ್ಷರವೂ ಉಳಿದಿಲ್ಲ. ಮಕ್ಕಳ ಮುಖಲಕ್ಷಣ ಹೋಲಿಸಿ ತಾಯಿಯ ಮುಖವನ್ನು ಊಹಿಸುವಂತೆ, ವಿದ್ವಾಂಸರು ಅದರ ಪದಗಳನ್ನು ಲೆಕ್ಕಹಾಕಿ ಕಟ್ಟಿದ್ದಾರೆ. ಅದನ್ನು ಮೂಲ ಇಂಡೋ-ಯುರೋಪಿಯನ್ ಎಂದು ಕರೆಯುತ್ತಾರೆ. ಅದರ ನಿಷೇಧಪದ ‘ನೆ’. ಸಂಸ್ಕೃತದಲ್ಲಿ ಅದು ‘ನ’ ಆದದ್ದಕ್ಕೆ ನಿಯಮವೊಂದಿದೆ. ತಾಯಿಭಾಷೆಯ ಎಕಾರ ಸಂಸ್ಕೃತದಲ್ಲಿ ಅಕಾರವಾಗುತ್ತದೆ. ಲ್ಯಾಟಿನ್ನಿನ ‘ದೆಕೆಮ್’ ಇರುವಲ್ಲಿ ಸಂಸ್ಕೃತದ ‘ದಶ’, ಲ್ಯಾಟಿನ್ನಿನ ‘ಎಸ್ತ್’ ಇರುವಲ್ಲಿ ಸಂಸ್ಕೃತದ ‘ಅಸ್ತಿ’ ಬರುತ್ತದೆ. ಹಾಗೆಯೇ ‘ನೆ’ ಇದ್ದಲ್ಲಿ ‘ನ’ ಬಂತು.

ತಾಯಿಭಾಷೆಯಲ್ಲಿ ನಿಷೇಧಕ್ಕೆ ಮೂರು ದಾರಿಗಳಿದ್ದವು. ವಾಕ್ಯವನ್ನು ಅಲ್ಲಗಳೆಯಲು ‘ನೆ’. ಒಂದು ಪದದ ಅರ್ಥವನ್ನು ಮಾತ್ರ ತಿರುಗಿಸಲು, ಪದದ ಮೊದಲಿಗೆ ಅಂಟಿಕೊಳ್ಳುವ ಬರಿಯ ‘ನ್’. ‘ಮಾಡಬೇಡ’ ಎಂದು ತಡೆಯಲು ‘ಮೇ’. ವಾಕ್ಯದ ‘ನೆ’ಯದು ಬಹಳ ಉದ್ದದ ಕಥೆಯಾದ್ದರಿಂದ ಉಳಿದೆರಡನ್ನು ಮೊದಲು ನೋಡುವುದು ಅನುಕೂಲ.

ಸಂಸ್ಕೃತದಲ್ಲಿ ನ್ಯಾಯದ ವಿರುದ್ಧ ಅನ್ಯಾಯ, ಧರ್ಮದ ವಿರುದ್ಧ ಅಧರ್ಮ. ಸ್ವರದಿಂದ ಶುರುವಾಗುವ ಪದವಾದರೆ ‘ಅ’ ಬದಲು ‘ಅನ್’ ಬರುತ್ತದೆ: ಉಚಿತ, ಅನುಚಿತ, ಆರೋಗ್ಯ, ಅನಾರೋಗ್ಯ. ಶಾಲೆಯ ವ್ಯಾಕರಣದಲ್ಲಿ ಇದನ್ನು ನಞ್ ತತ್ಪುರುಷ ಎಂದು ಕಲಿಸುತ್ತಾರೆ. ‘ನಞ್’ ಎಂಬುದು ಪಾಣಿನಿ ‘ನ’ಕ್ಕೆ ಕೊಟ್ಟ ಹೆಸರು. ಸಮಾಸದಲ್ಲಿ ಈ ‘ನ’ದ ನಕಾರ ಲೋಪವಾಗಿ ‘ಅ’ ಉಳಿಯುತ್ತದೆ, ಮುಂದೆ ಸ್ವರವಿದ್ದರೆ ನಡುವೆ ನಕಾರವೊಂದು ಬಂದು ಸೇರುತ್ತದೆ ಎಂದು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ಆತ ಸೂತ್ರ ಮಾಡಿದ. ‘ಅ’, ‘ಅನ್’ ಮತ್ತು ‘ನ’ ಒಂದೇ ಬೇರಿನವು ಎಂಬ ಸತ್ಯವನ್ನು ಯುರೋಪಿನ ವಿದ್ವಾಂಸರಿಗಿಂತ ಎರಡು ಸಾವಿರ ವರ್ಷಕ್ಕೂ ಮೊದಲೇ ಆತ ಕಂಡಿದ್ದ.

ಇದಕ್ಕೆ ಇನ್ನೊಂದು ಬದಿಯಿಂದ ವಿವರಣೆ ಸಿಕ್ಕಿದ್ದು 1876ರಲ್ಲಿ. ಜರ್ಮನಿಯ ಕಾರ್ಲ್ ಬ್ರುಗ್‌ಮನ್ ಆ ವರ್ಷ ಪ್ರಕಟಿಸಿದ ಲೇಖನದಲ್ಲಿ, ತಾಯಿಭಾಷೆಯಲ್ಲಿ ‘ನ್’ ಮತ್ತು ‘ಮ್’ ಸ್ವರದ ಕೆಲಸವನ್ನೂ ಮಾಡುತ್ತಿದ್ದವು ಎಂದು ತೋರಿಸಿದರು. ‘ಕೃತ’ ಎಂಬಲ್ಲಿ ಋಕಾರ ಹೇಗೆ ಬೇರೆ ಸ್ವರದ ಹಂಗಿಲ್ಲದೆ ನಿಲ್ಲುತ್ತದೆಯೋ ಹಾಗೆ ‘ನ್’ ಕೂಡ ನಿಲ್ಲುತ್ತಿತ್ತು. ‘ನೆ’ಯಲ್ಲಿನ ಎಕಾರ ಜಾರಿಹೋದಾಗ ಉಳಿದದ್ದು ಈ ಸ್ವರರೂಪದ ‘ನ್’. ಮಕ್ಕಳ ಭಾಷೆಗಳಲ್ಲಿ ಅದು ಬೇರೆ ಬೇರೆ ರೂಪ ತಾಳಿತು. ಸಂಸ್ಕೃತ ಮತ್ತು ಗ್ರೀಕ್‌ನಲ್ಲಿ ‘ಅ’, ‘ಅನ್’, ಲ್ಯಾಟಿನ್‌ನಲ್ಲಿ ‘ಇನ್’, ಗಾಥಿಕ್, ಜರ್ಮನ್‌ಗಳಲ್ಲಿ ‘ಉನ್’, ಇಂಗ್ಲಿಷಿನ ಈಗಿನ ಉಚ್ಚಾರದಲ್ಲಿ ‘ಅನ್’, ಆರ್ಮೇನಿಯನ್‌ನಲ್ಲಿ ‘ಅನ್’.

ಒಂದೇ ಪದವನ್ನು ಹಿಡಿದು ಈ ದಾರಿಗಳನ್ನೆಲ್ಲ ನಡೆದು ನೋಡಬಹುದು. ‘ತಿಳಿ’ ಎಂಬ ಅರ್ಥದ ಧಾತು ಸಂಸ್ಕೃತದಲ್ಲಿ ‘ಜ್ಞಾ’. ತಿಳಿಯದ್ದು ‘ಅಜ್ಞಾತ’. ಅದೇ ಧಾತು, ಅದೇ ಪೂರ್ವಪ್ರತ್ಯಯ ಸೇರಿ ಗ್ರೀಕ್‌ನಲ್ಲಿ ‘ಅಗ್ನೋತೋಸ್’, ಲ್ಯಾಟಿನ್‌ನಲ್ಲಿ ‘ಇಗ್ನೋತುಸ್’, ಇಂಗ್ಲಿಷಿನಲ್ಲಿ ‘ಅನ್‌ನೋನ್’. ಇಂಗ್ಲಿಷ್ ತನ್ನ ಸ್ವಂತದ್ದನ್ನು ಇಟ್ಟುಕೊಂಡೇ ಲ್ಯಾಟಿನ್ನಿನಿಂದ ‘ಇಗ್ನೊರೆಂಟ್’, ಗ್ರೀಕಿನಿಂದ ‘ಆಗ್ನಾಸ್ಟಿಕ್’ ಪದಗಳನ್ನೂ ತಂದುಕೊಂಡಿತು. ಒಂದೇ ತಾಯಿಯ ಮೂವರು ಮಕ್ಕಳು ಒಂದೇ ಮನೆಯಲ್ಲಿ ಅಪರಿಚಿತರಂತೆ ಬಾಳುತ್ತಿದ್ದಾರೆ. ದೇವತೆಗಳ ಆಹಾರದ ಹೆಸರೂ ಇಂಥದೇ. ಸಂಸ್ಕೃತದ ‘ಅಮೃತ’ವೂ ಗ್ರೀಕರ ‘ಅಂಬ್ರೋಸಿಯ’ವೂ ‘ಸಾವಿಲ್ಲದ್ದು’ ಎಂಬ ಒಂದೇ ಹಳೆಯ ಪದದಿಂದ ಬಂದವು. ಎರಡರ ಮೊದಲ ಅಕಾರವೂ ನಿಷೇಧದ್ದು.

ಈ ಅಕಾರಕ್ಕಿರುವ ಬಲ ಎಷ್ಟೆಂದರೆ, ಇಲ್ಲದ ಕಡೆಯೂ ಅದು ಇದೆಯೆಂದು ಜನ ನಂಬಿದ್ದುಂಟು. ‘ಅಸುರ’ ಎಂಬುದು ಋಗ್ವೇದದ ಹಳೆಯ ಭಾಗಗಳಲ್ಲಿ ಒಡೆಯ ಎಂಬ ಅರ್ಥದ ಗೌರವದ ಪದ. ವರುಣನಂಥ ದೇವರಿಗೇ ಅದನ್ನು ಬಳಸಿದೆ. ಇರಾನಿನ ‘ಅಹುರ’ ಇದರ ಸೋದರ. ಮುಂದೆ ಅದರ ಮೊದಲ ಅಕಾರವನ್ನು ನಿಷೇಧವೆಂದು ಭಾವಿಸಿ, ಅಸುರನು ಸುರನಲ್ಲದವನು ಎಂದು ಬಿಡಿಸಿದರು. ಹೀಗೆ ಬಿಡಿಸಿದ್ದರಿಂದಲೇ ದೇವತೆ ಎಂಬ ಅರ್ಥದ ‘ಸುರ’ ಪದ ಹುಟ್ಟಿತು.

ಇನ್ನು ತಡೆಯುವ ‘ಮೇ’. ಸಂಸ್ಕೃತದಲ್ಲಿ ಅದು ‘ಮಾ’. ವಾಲ್ಮೀಕಿ ಬೇಟೆಗಾರನಿಗೆ ನುಡಿದ ಶ್ಲೋಕ, ಆದಿಕಾವ್ಯದ ಹುಟ್ಟಿಗೆ ಕಾರಣವಾದದ್ದು ಎನ್ನುವ ಶ್ಲೋಕ, ತೊಡಗುವುದೇ ಈ ‘ಮಾ’ದಿಂದ. ಇದು ಬಂದಾಗ ಕ್ರಿಯಾಪದದ ರೂಪವೂ ಬದಲಾಗುತ್ತದೆ. ಭೂತಕಾಲದ ರೂಪದಲ್ಲಿ ಮುಂದೆ ಇರಬೇಕಾದ ಅಕಾರ ಬಿದ್ದುಹೋಗಿ ‘ಮಾ ಭೈಷೀಃ’, ಅಂದರೆ ‘ಹೆದರಬೇಡ’, ಎಂದಾಗುತ್ತದೆ. ಗ್ರೀಕ್‌ನಲ್ಲಿ ಇದು ‘ಮೇ’, ಆರ್ಮೇನಿಯನ್‌ನಲ್ಲಿ ‘ಮಿ’. ಹಳೆಯ ಪರ್ಷಿಯನ್ ಕಾವ್ಯದಲ್ಲಿ ‘ಮಾಡಬೇಡ’ ಎನ್ನಲು ‘ಮಕುನ್’ ಎಂಬ ರೂಪವಿತ್ತು. ಇಂದಿನ ಪರ್ಷಿಯನ್‌ನಲ್ಲಿ ‘ನ’ ಅದನ್ನು ಹೊರಗೆ ತಳ್ಳಿದೆ. ಚೀನಾದ ತಾರಿಮ್ ಕಣಿವೆಯಲ್ಲಿ ಹಸ್ತಪ್ರತಿಗಳಾಗಿ ಸಿಕ್ಕ ತೊಖಾರಿಯನ್ ಭಾಷೆಯಲ್ಲಿ ಇದಕ್ಕೆ ತಿರುಗುಮುರುಗಾದದ್ದು ನಡೆಯಿತು: ಅಲ್ಲಿ ‘ಮಾ’ ತಡೆಯುವ ಕೆಲಸದ ಜೊತೆಗೆ ‘ಇಲ್ಲ’ ಎನ್ನುವ ಕೆಲಸವನ್ನೂ ವಹಿಸಿಕೊಂಡಿತು. ಲ್ಯಾಟಿನ್ ಇದನ್ನು ಪೂರ್ತಿ ಕಳೆದುಕೊಂಡಿತು. ಹಿಟೈಟ್‌ನಲ್ಲಿ ತಡೆಯುವ ಪದ ‘ಲೇ’, ಬೇರೆಯೇ. ‘ಇಲ್ಲ’ ಒಂದು, ‘ಬೇಡ’ ಇನ್ನೊಂದು ಎಂಬ ಭೇದ ಕನ್ನಡಿಗರಿಗೆ ಸಹಜ. ತಾಯಿಭಾಷೆಯನ್ನಾಡಿದ ಜನಕ್ಕೂ ಅದು ಅಷ್ಟೇ ಸಹಜವಾಗಿತ್ತು.

ಈಗ ವಾಕ್ಯದ ‘ನೆ’. ಒಂದು ವಾಕ್ಯದಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಇದೊಂದು ಕೇಳಿಸದೆ ಹೋದರೆ ಅರ್ಥ ತಲೆಕೆಳಗಾಗುತ್ತದೆ. ಆದರೆ ಇದರಷ್ಟು ಸಣ್ಣ ಮಾತೂ ಇಲ್ಲ. ಕ್ರಿಯಾಪದದ ಮುಂದೆ ಒತ್ತಿಲ್ಲದೆ ನಿಂತ ಒಂದೇ ಅಕ್ಷರ ಬಾಯಿಂದ ಬಾಯಿಗೆ ದಾಟುತ್ತ ಸವೆಯುತ್ತದೆ. ಹೀಗೆ ಸವೆದ ಮಾತಿಗೆ ಜನ ಏನಾದರೂ ಊರುಗೋಲು ಕೊಡುತ್ತಾರೆ. ಕನ್ನಡದಲ್ಲೂ ಇದು ದಿನನಿತ್ಯದ ವಾಡಿಕೆ. ಬರಿಯ ‘ಇಲ್ಲ’ ಸಾಲದೆನಿಸಿದಾಗ ‘ಎಳ್ಳಷ್ಟೂ ಇಲ್ಲ’, ‘ಒಂದು ಹೆಜ್ಜೆಯೂ ಇಡಲಿಲ್ಲ’, ‘ಒಂದಗುಳೂ ತಿನ್ನಲಿಲ್ಲ’, ‘ಒಂದು ನರಪಿಳ್ಳೆಯೂ ಇರಲಿಲ್ಲ’, ‘ಈ ಜನ್ಮದಲ್ಲಿ ಆಗುವುದಿಲ್ಲ’ ಎನ್ನುತ್ತಾರೆ. ಎಳ್ಳು, ಹೆಜ್ಜೆ, ಅಗುಳು, ನರಪಿಳ್ಳೆ, ಜನ್ಮ: ಇಂಥ ಪದಗಳೇ ಯುರೋಪಿನ ಭಾಷೆಗಳಲ್ಲಿ ಕಾಲಕ್ರಮದಲ್ಲಿ ನಿಷೇಧಪದಗಳಾಗಿ ಬೆಳೆದವು.

ಲ್ಯಾಟಿನ್ನಿನಿಂದ ತೊಡಗಬಹುದು. ಹಳೆಯ ‘ನೆ’ ಅಲ್ಲಿ ಬೇರೆ ಪದಗಳ ಹೊಟ್ಟೆಯಲ್ಲಿ ಮಾತ್ರ ಉಳಿಯಿತು. ‘ನೆಸ್ಕಿಯೋ’ ಎಂದರೆ ‘ನನಗೆ ತಿಳಿಯದು’. ‘ನೋಲೋ’ ಎಂದರೆ ‘ಒಲ್ಲೆ’. ತಿಳಿವಿಲ್ಲದವನು ‘ನೆಸ್ಕಿಯುಸ್’. ಈ ಪದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು, ಮೊದಲು ದಡ್ಡ ಎಂಬ ಅರ್ಥ ಕೊಟ್ಟು, ಮೆಲ್ಲಮೆಲ್ಲನೆ ಅರ್ಥ ಬದಲಿಸುತ್ತ ಬಂದು ಇಂದು ಎಲ್ಲರೂ ಹೇಳುವ ‘ನೈಸ್’ ಆಗಿದೆ. ಬಿಡುವು ಎಂಬ ಅರ್ಥದ ‘ಓತಿಯುಮ್’ ಪದಕ್ಕೆ ನಿಷೇಧ ಸೇರಿ ‘ನೆಗೋತಿಯುಮ್’ ಆಯಿತು, ಬಿಡುವಿಲ್ಲದಿರುವುದೇ ವ್ಯವಹಾರ.

ವಾಕ್ಯವನ್ನು ಅಲ್ಲಗಳೆಯಲು ಲ್ಯಾಟಿನ್ ಹೊಸ ಪದ ಕಟ್ಟಿಕೊಂಡಿತು. ‘ನೆ’ಗೆ ‘ಒಂದು’ ಎಂಬ ಅರ್ಥದ ‘ಒಯ್ನೊಮ್’ ಸೇರಿಸಿ ‘ಒಂದೂ ಇಲ್ಲ’ ಎಂದರು. ಅದು ‘ನೊಯ್ನುಮ್’ ಆಗಿ, ಕೊನೆಗೆ ‘ನೋನ್’ ಎಂದು ಕುಗ್ಗಿತು. ನಡುವಿನ ರೂಪ ಎನ್ನಿಯುಸ್ ಕವಿಯ ಸಾಲುಗಳಲ್ಲಿ ಉಳಿದಿರುವುದರಿಂದ ಈ ವಂಶಾವಳಿ ಬರಿಯ ಊಹೆಯಲ್ಲ. ‘ಯಾರೂ ಇಲ್ಲ’ ಎನ್ನಲು ‘ನೆ’ ಮತ್ತು ‘ಮನುಷ್ಯ’ ಎಂಬ ಪದ ಸೇರಿ ‘ನೇಮೋ’ ಆಯಿತು. ಇದು ಕನ್ನಡದ ‘ನರಪಿಳ್ಳೆಯೂ ಇಲ್ಲ’ ಎಂಬುದರ ಜೊತೆಗಾರ. ‘ಏನೂ ಇಲ್ಲ’ ಎನ್ನಲು ‘ನಿಹಿಲ್’. ಅದರೊಳಗಿರುವುದು ‘ನೆ’ ಮತ್ತು ‘ಹೀಲುಮ್’. ಹೀಲುಮ್ ಎಂದರೆ ಹುರುಳಿಕಾಯಿ ಜಾತಿಯ ಕಾಳಿಗೆ ಅಂಟಿಕೊಂಡಿರುವ ಚೂರು ಎಂದು ರೋಮನ್ ಪಂಡಿತರು ವಿವರಿಸಿದರು. ಕಾಳು ಕಾಯಿಯಿಂದ ಬಿಡಿಸಿಕೊಂಡ ಜಾಗದ ಗುರುತಿಗೆ ಸಸ್ಯಶಾಸ್ತ್ರಜ್ಞರು ಇಂದಿಗೂ ಅದೇ ಹೆಸರು ಬಳಸುತ್ತಾರೆ. ಕನ್ನಡಿಗರಿಗೆ ಎಳ್ಳು, ರೋಮನ್ನರಿಗೆ ಕಾಳಿನ ಚೂರು.

ಲ್ಯಾಟಿನ್ನಿನ ಮಗಳಾದ ಫ್ರೆಂಚ್‌ನಲ್ಲಿ ಈ ಆಟ ಮತ್ತೊಮ್ಮೆ ಮೊದಲಿನಿಂದ ನಡೆಯಿತು. ‘ನೋನ್’ ಸವೆದು ಮತ್ತೆ ಒತ್ತಿಲ್ಲದ ‘ನ’ ಆಯಿತು. ಅದಕ್ಕೆ ಬಲ ಕೊಡಲು ಹಳೆಯ ಫ್ರೆಂಚ್ ಜನ ಸಂದರ್ಭಕ್ಕೆ ತಕ್ಕ ಸಣ್ಣ ವಸ್ತುಗಳನ್ನು ಕರೆತಂದರು. ನಡೆಯುವ ಮಾತಿಗೆ ‘ಪಾ’, ಅಂದರೆ ಹೆಜ್ಜೆ. ತಿನ್ನುವ ಮಾತಿಗೆ ‘ಮೀ’, ಅಂದರೆ ರೊಟ್ಟಿಯ ಚೂರು. ಕುಡಿಯುವ ಮಾತಿಗೆ ‘ಗೂಟ್’, ಅಂದರೆ ಹನಿ. ಜೊತೆಗೆ ‘ಪ್ವಾಂ’, ಅಂದರೆ ಚುಕ್ಕೆ. ಈ ಸ್ಪರ್ಧೆಯಲ್ಲಿ ಗೆದ್ದದ್ದು ಹೆಜ್ಜೆ. ನಡೆಯುವುದಕ್ಕೆ ಸಂಬಂಧವೇ ಇಲ್ಲದ ವಾಕ್ಯಗಳಿಗೂ ಅದು ಹಬ್ಬಿ, ‘ನ’ ಮುಂದೆ, ‘ಪಾ’ ಹಿಂದೆ ಎಂಬುದು ವ್ಯಾಕರಣದ ಕಟ್ಟಳೆಯಾಯಿತು. ಇಂದಿನ ಫ್ರೆಂಚ್ ಆಡುಮಾತಿನಲ್ಲಿ ‘ನ’ವನ್ನು ಬಿಟ್ಟೇ ಮಾತನಾಡುತ್ತಾರೆ, ‘ನಾನು ಹೇಳುವುದಿಲ್ಲ’ ಎನ್ನಲು ‘ಜ ದಿ ಪಾ’ ಎಂದರೆ ಸಾಕು. ಪದಕ್ಕೆ ಪದ ಇಟ್ಟು ನೋಡಿದರೆ ಅಲ್ಲಿರುವುದು ‘ನಾನು ಹೇಳುತ್ತೇನೆ ಹೆಜ್ಜೆ’ ಎಂದಷ್ಟೇ. ಊರುಗೋಲು ಹಿಡಿದಿದ್ದ ಮುದುಕ ಹೋಗಿ ಊರುಗೋಲೇ ನಡೆಯತೊಡಗಿತು. ವಸ್ತು ಎಂಬ ಅರ್ಥದ ಲ್ಯಾಟಿನ್ ‘ರೆಮ್’ ಫ್ರೆಂಚ್‌ನಲ್ಲಿ ‘ರಿಯಾಂ’ ಆಗಿ ‘ಏನೂ ಇಲ್ಲ’ ಎಂದಾದದ್ದೂ, ವ್ಯಕ್ತಿ ಎಂಬ ಅರ್ಥದ ‘ಪೆರ್ಸೊನ್’ ‘ಯಾರೂ ಇಲ್ಲ’ ಎಂದಾದದ್ದೂ ಇದೇ ಬಗೆಯಲ್ಲಿ.

ಇಂಗ್ಲಿಷಿನ ಇತಿಹಾಸ ಇದಕ್ಕೆ ಸಮಾನಾಂತರವಾಗಿ ಹರಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ‘ನೆ’ ಒಂದೇ ಇತ್ತು. ಅದನ್ನು ಗಟ್ಟಿಗೊಳಿಸಲು ‘ನಾವಿಹ್ಟ್’ ಎಂಬ ಪದ ಹಿಂದೆ ಬಂತು. ಅದರಲ್ಲಿ ಮೂರು ತುಂಡುಗಳಿವೆ: ‘ನೆ’ ಎಂಬ ನಿಷೇಧ, ‘ಎಂದೆಂದೂ’ ಎಂಬ ಅರ್ಥದ ‘ಆ’, ‘ವಸ್ತು, ಜೀವಿ’ ಎಂಬ ಅರ್ಥದ ‘ವಿಹ್ಟ್’. ಇದು ಕುಗ್ಗುತ್ತ ಕುಗ್ಗುತ್ತ ‘ನಾಟ್’ ಆಯಿತು. ನಡುಗಾಲದ ಇಂಗ್ಲಿಷಿನಲ್ಲಿ ಮುಂದೊಂದು ‘ನೆ’, ಹಿಂದೊಂದು ‘ನಾಟ್’ ಇದ್ದವು. ಆಮೇಲೆ ‘ನೆ’ ಬಿದ್ದುಹೋಗಿ ‘ನಾಟ್’ ಒಂದೇ ಉಳಿಯಿತು. ಮುಂದೆ ಅದು ‘ಡು’ ಎಂಬ ಸಹಾಯಕ ಕ್ರಿಯಾಪದದ ಬೆನ್ನು ಹತ್ತಿತು. ಮಾತಿನಲ್ಲಿ ಎರಡೂ ಬೆಸೆದು ‘ಡೋಂಟ್’ ಆದಾಗ ನಿಷೇಧ ಮತ್ತೆ ಒಂದು ಪದದ ಬಾಲದಲ್ಲಿ ಅಡಗಿದ ಒತ್ತಿಲ್ಲದ ಸದ್ದಾಗಿದೆ. ಜರ್ಮನ್ನಿನ ‘ನಿಖ್ಟ್’, ಡಚ್ಚಿನ ‘ನೀಟ್’ ಕೂಡ ಇದೇ ಬಗೆಯಲ್ಲಿ ‘ವಸ್ತು’ವನ್ನು ನುಂಗಿಕೊಂಡ ಪದಗಳು.

ಈ ಚಕ್ರವನ್ನು ಸ್ಪಷ್ಟವಾಗಿ ವಿವರಿಸಿದವರು ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್. ಇಂಗ್ಲಿಷ್ ಮತ್ತಿತರ ಭಾಷೆಗಳ ನಿಷೇಧವನ್ನು ಕುರಿತ ಅವರ ಗ್ರಂಥ 1917ರಲ್ಲಿ ಪ್ರಕಟವಾಯಿತು. ಮೊದಲಿನ ನಿಷೇಧಪದ ಬಲಗುಂದುತ್ತದೆ, ಸಾಲದೆಂದು ಇನ್ನೊಂದು ಪದ ಜೊತೆಗೂಡುತ್ತದೆ, ಕಾಲಾಂತರದಲ್ಲಿ ಆ ಜೊತೆಯ ಪದವೇ ನಿಷೇಧಪದವೆನಿಸಿ ಮೊದಲಿನದು ಮರೆಯಾಗುತ್ತದೆ, ಮತ್ತೆ ಅದಕ್ಕೂ ಇದೇ ಗತಿ ಬರುತ್ತದೆ ಎಂಬುದು ಅವರು ಕಂಡ ಕ್ರಮ. ಫ್ರಾನ್ಸಿನ ಆಂತ್ವಾನ್ ಮೆಯೆ 1912ರಲ್ಲೇ ಫ್ರೆಂಚ್ ನಿಷೇಧವನ್ನು ಉದಾಹರಿಸಿ ಇಂಥ ಮಾತು ಹೇಳಿದ್ದರು. ಸ್ವೀಡನ್ನಿನ ಈಸ್ಟೆನ್ ಡಾಲ್ 1979ರಲ್ಲಿ ಇದನ್ನು ಯೆಸ್ಪರ್ಸನ್ ಚಕ್ರ ಎಂದು ಕರೆದರು. ಆ ಹೆಸರೇ ನಿಂತಿತು.

ಈ ಚಕ್ರದ ಅತಿ ಹಳೆಯ ಸುತ್ತೊಂದು ಗ್ರೀಕ್ ಭಾಷೆಯಲ್ಲಿ ಅಡಗಿತ್ತು. ಗ್ರೀಕ್‌ನ ನಿಷೇಧಪದ ‘ಊ’. ಅದರಲ್ಲಿ ‘ನೆ’ಯ ಸುಳಿವೇ ಇಲ್ಲ. ಬಳಗದ ಹೆಚ್ಚಿನ ಭಾಷೆಗಳು ಉಳಿಸಿಕೊಂಡ ಪದವನ್ನು ಗ್ರೀಕ್ ಹೇಗೆ ಕಳೆದುಕೊಂಡಿತು ಎಂಬುದು ಬಹುಕಾಲ ಒಗಟಾಗಿತ್ತು. 1960ರಲ್ಲಿ ಅಮೆರಿಕದ ವಾರೆನ್ ಕೌಗಿಲ್ ಇದಕ್ಕೊಂದು ಉತ್ತರ ಕೊಟ್ಟರು. ‘ಊಕಿ’ ಎಂಬ ಉದ್ದದ ರೂಪವನ್ನೂ ಆರ್ಮೇನಿಯನ್ನಿನ ‘ಒಚ್’ ಎಂಬ ನಿಷೇಧಪದವನ್ನೂ ಅವರು ಜೊತೆಗಿಟ್ಟು ನೋಡಿದರು. ಎರಡರ ಮೂಲದಲ್ಲೂ ಮೂರು ಪದಗಳ ಒಂದು ಹಳೆಯ ನುಡಿಗಟ್ಟಿದೆ ಎಂದರು. ಆ ಮೂರು ಪದಗಳೂ ಸಂಸ್ಕೃತದ ಮೂಲಕ ಕನ್ನಡಿಗರಿಗೆ ಚಿರಪರಿಚಿತ. ಮೊದಲನೆಯದು ‘ನ’. ಎರಡನೆಯದು ಆಯುಸ್ಸು ಎಂಬ ಅರ್ಥದ ‘ಆಯು’. ಮೂರನೆಯದು ಕಿಂಚಿತ್, ಕದಾಚಿತ್ ಪದಗಳ ಕೊನೆಯಲ್ಲಿರುವ ‘ಚಿತ್’. ಒಟ್ಟು ಅರ್ಥ ‘ಆಯುಸ್ಸಿನಲ್ಲಿ ಒಂದಿಷ್ಟೂ ಇಲ್ಲ’, ಅಂದರೆ ‘ಜನ್ಮದಲ್ಲಿ ಇಲ್ಲ’. ಕಾಲಾಂತರದಲ್ಲಿ ಮೊದಲಿನ ‘ನೆ’ ಉದುರಿಹೋಗಿ, ಆಯುಸ್ಸೇ ‘ಇಲ್ಲ’ ಎಂಬ ಅರ್ಥವನ್ನು ಹೊತ್ತು ನಿಂತಿತು. ವಿದ್ವಾಂಸರಲ್ಲಿ ಅನೇಕರು ಈ ವಿವರಣೆಯನ್ನು ಒಪ್ಪಿದ್ದಾರೆ.

ಇದಕ್ಕಿಂತ ಬೆರಗಿನ ಸಂಗತಿ ಇಂಗ್ಲಿಷಿನ ‘ನೋ’ ಎಂಬ ಉತ್ತರದಲ್ಲಿದೆ. ಅದು ಹಳೆಯ ಇಂಗ್ಲಿಷಿನ ‘ನಾ’. ಅದರಲ್ಲಿರುವುದು ‘ನೆ’ ಮತ್ತು ಮೇಲೆ ಹೇಳಿದ ‘ಆ’. ಈ ‘ಆ’ ಬಂದದ್ದು ಯುಗ, ಕಾಲ ಎಂಬ ಅರ್ಥದ ಹಳೆಯ ಜರ್ಮಾನಿಕ್ ಪದದಿಂದ. ಗಾಥಿಕ್ ಬೈಬಲ್ಲಿನಲ್ಲಿ ‘ಎಂದಿಗೂ ಇಲ್ಲ’ ಎನ್ನಲು ‘ನಿ ಐವ್’ ಎಂದಿದೆ. ಆ ಪದದ ಬೇರು ಆಯುಸ್ಸಿನ ಬೇರೇ. ಜರ್ಮನ್ನಿನ ‘ನೀ’, ಸ್ಕ್ಯಾಂಡಿನೇವಿಯದ ‘ನೇಯ್’ ಕೂಡ ಇದೇ ಕೂಡಿಕೆಯಿಂದ ಆದವು. ಗ್ರೀಕರ ಪೂರ್ವಜರು ಇತಿಹಾಸಕ್ಕೆ ಮೊದಲೇ ‘ನ’ ಮತ್ತು ‘ಆಯು’ಗಳನ್ನು ಕೂಡಿಸಿದ್ದರು, ಜರ್ಮಾನಿಕ್ ಜನ ಅವರಿಂದ ದೂರದಲ್ಲಿ, ಅವರಿಗಿಂತ ಬಹಳ ಈಚೆಗೆ, ಅವೇ ಎರಡು ತುಂಡುಗಳನ್ನು ತಮ್ಮಷ್ಟಕ್ಕೆ ತಾವೇ ಕೂಡಿಸಿದರು. ಜರ್ಮನ್ನಿನ ‘ನೈನ್’ ಎಂಬುದು ‘ನಿ’ ಮತ್ತು ‘ಐನ್’, ಅಂದರೆ ‘ಒಂದೂ ಇಲ್ಲ’. ಲ್ಯಾಟಿನ್ನಿನ ‘ನೋನ್’ ಆದದ್ದೂ ಅದೇ ಅರ್ಥದ ತುಂಡುಗಳಿಂದ. ಸಾಮಗ್ರಿ ಒಂದೇ ಆಗಿ, ಅಗತ್ಯವೂ ಒಂದೇ ಆದಾಗ ಬೇರೆ ಬೇರೆ ಜನ ಒಂದೇ ಪದವನ್ನು ಎರಡು ಸಲ ಕಟ್ಟಿದರು.

ಗ್ರೀಕ್ ಅಲ್ಲಿಗೇ ನಿಲ್ಲಲಿಲ್ಲ. ‘ಊ’ ಕೂಡ ಸವೆಯಿತು. ಅದಕ್ಕೆ ‘ಒಂದಾದರೂ’ ಎಂಬ ಅರ್ಥದ ಮಾತು ಸೇರಿ ‘ಊಡೆನ್’ ಆಯಿತು. ಮತ್ತೆ ಮೊದಲಿನ ‘ಊ’ ಬಿದ್ದುಹೋಗಿ ಇಂದಿನ ಗ್ರೀಕ್‌ನಲ್ಲಿ ಉಳಿದಿರುವುದು ‘ದೆನ್’. ಇದರ ಕೊನೆಯ ನಕಾರ ನಿಷೇಧದ್ದಲ್ಲ, ‘ಒಂದು’ ಎಂಬ ಪದದ್ದು. ಸ್ಪೇನಿನ ‘ನಾದ’, ಅಂದರೆ ‘ಏನೂ ಇಲ್ಲ’, ಕೂಡ ಇಂಥದೇ ಮೋಸದ ನಕಾರ. ಅದು ಲ್ಯಾಟಿನ್ನಿನಲ್ಲಿ ಹುಟ್ಟಿದ್ದು ಎಂಬ ಅರ್ಥದ ‘ನಾತ’, ಸಂಸ್ಕೃತದ ‘ಜಾತ’ ಪದದ ಸೋದರಿ. ‘ಹುಟ್ಟಿದ ವಸ್ತು ಒಂದೂ ಇಲ್ಲ’ ಎಂಬ ಮಾತಿನಿಂದ ಹುಟ್ಟಿದ್ದು ಮಾತ್ರ ಉಳಿದು ಅದೇ ಶೂನ್ಯವಾಯಿತು. ಡ್ಯಾನಿಶ್ ಮತ್ತು ನಾರ್ವೇಜಿಯನ್ನಿನ ‘ಇಕ್ಕೆ’ಯ ಮೂಲ ‘ಒಂದು’. ವೇಲ್ಸಿನ ಆಡುಮಾತಿನ ‘ದಿಮ್’ ಎಂಬುದರ ಮೂಲ ಅರ್ಥ ‘ವಸ್ತು’. ಮೂಲ ನಕಾರ ಇವುಗಳಲ್ಲಿ ಉಳಿದೇ ಇಲ್ಲ.

ಊರುಗೋಲಾಗಿ ಬಂದದ್ದು ವಸ್ತು, ಹೆಜ್ಜೆ, ಆಯುಸ್ಸುಗಳಷ್ಟೇ ಅಲ್ಲ. ‘ಇದೆ’ ಎಂಬ ಕ್ರಿಯಾಪದವೂ ಬಂತು. ಸಂಸ್ಕೃತದ ‘ನ’ ಮತ್ತು ‘ಅಸ್ತಿ’ ಕೂಡಿ ‘ನಾಸ್ತಿ’ ಆಯಿತು. ಪರಲೋಕ ಇಲ್ಲವೆನ್ನುವವನಿಗೆ ‘ನಾಸ್ತಿಕ’ ಎಂಬ ಹೆಸರು ಇದರಿಂದಲೇ ಬಂತು. ಪ್ರಾಕೃತದಲ್ಲಿ ಅದು ‘ಣತ್ಥಿ’, ಇಂದಿನ ಗುಜರಾತಿಯಲ್ಲಿ ‘ನಥೀ’. ಗುಜರಾತಿಯಲ್ಲಿ ಈ ಪದ ವಸ್ತು ಇಲ್ಲವೆನ್ನಲು ಮಾತ್ರವಲ್ಲದೆ, ಕ್ರಿಯೆ ನಡೆಯುವುದಿಲ್ಲ ಎನ್ನಲೂ ಬಳಕೆಯಾಗುತ್ತದೆ. ಮರಾಠಿಯ ‘ನಾಹೀ’ ಬಹುವಚನದಲ್ಲಿ ‘ನಾಹೀತ’ ಆಗುತ್ತದೆ. ಅದರೊಳಗೆ ಕ್ರಿಯಾಪದ ಇರುವುದಕ್ಕೆ ಇದೇ ಸಾಕ್ಷಿ. ಹಿಂದಿಯ ‘ನಹೀಂ’ ಕೂಡ ಹೀಗೆಯೇ ಆದದ್ದೆಂದು ಹಲವು ವಿದ್ವಾಂಸರು ವಿವರಿಸುತ್ತಾರೆ. ಅದು ಬಂದ ವಾಕ್ಯದ ಕೊನೆಯಲ್ಲಿ ‘ಹೈ’ ಎಂಬುದನ್ನು ಬಿಟ್ಟುಬಿಡುವ ರೂಢಿ ಈ ವಿವರಣೆಗೆ ಹೊಂದುತ್ತದೆ. ರಷ್ಯನ್ನಿನ ‘ನ್ಯೆತ್’ ಎಂಬುದು ‘ಇಲ್ಲಿ ಇಲ್ಲ’ ಎಂಬ ಮೂರು ಪದಗಳ ಗಂಟು. ಲಿಥುವೇನಿಯನ್ನಿನ ‘ನೇರ’ದಲ್ಲಿ ‘ನೆ’ ಮತ್ತು ‘ಇರ’, ಅಂದರೆ ‘ಇದೆ’, ಸೇರಿವೆ.

ಇರವನ್ನು ಅಲ್ಲಗಳೆಯುವ ಪದ ಹೀಗೆ ಕ್ರಿಯೆಯನ್ನೂ ಅಲ್ಲಗಳೆಯುವ ಪದವಾಗುವುದನ್ನು ವಿಲಿಯಂ ಕ್ರಾಫ್ಟ್ ಎಂಬ ವಿದ್ವಾಂಸರು 1991ರಲ್ಲಿ ಜಗತ್ತಿನ ಬೇರೆ ಬೇರೆ ಕುಲದ ಭಾಷೆಗಳಿಂದ ಉದಾಹರಣೆ ಕೊಟ್ಟು ವಿವರಿಸಿದರು. ಕನ್ನಡದಲ್ಲೂ ಇದೇ ನಡೆದಿದೆ. ಹಳಗನ್ನಡದಲ್ಲಿ ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಹತ್ತಿ ‘ಮಾಡೆನು’, ‘ಅರಿಯೆ’, ‘ಬಾರೆ’ ಎಂದು ನಿಷೇಧವಾಗುತ್ತಿತ್ತು. ಇಂದು ಆ ಜಾಗದಲ್ಲಿ ‘ಮಾಡುವುದಿಲ್ಲ’, ‘ಮಾಡಲಿಲ್ಲ’ ಇವೆ. ವಸ್ತು ಇಲ್ಲವೆನ್ನುವ ‘ಇಲ್ಲ’ ಕ್ರಿಯಾಪದದ ಬೆನ್ನಿಗೂ ಬಂದು ನಿಂತಿದೆ. ಆಡುಮಾತಿನಲ್ಲಿ ಅದು ‘ಮಾಡಲ್ಲ’ ಎಂದು ಸವೆಯತೊಡಗಿಯೂ ಇದೆ. ಕನ್ನಡ ದ್ರಾವಿಡ ಕುಲದ ಭಾಷೆ. ಅದರ ‘ಇಲ್ಲ’ಕ್ಕೂ ‘ನೆ’ಗೂ ನಂಟಿಲ್ಲ. ದಾರಿ ಮಾತ್ರ ಒಂದೇ.

ಎರಡು ನಿಷೇಧ ಸೇರಿದರೆ ಏನಾಗಬೇಕು ಎಂಬುದಕ್ಕೂ ಈ ಇತಿಹಾಸವೇ ಉತ್ತರ. ರಷ್ಯನ್ನಿನಲ್ಲಿ ‘ಯಾರಿಗೂ ಏನೂ ತಿಳಿಯದು’ ಎನ್ನಬೇಕಾದರೆ ಯಾರು, ಏನು, ತಿಳಿ ಎಂಬ ಮೂರಕ್ಕೂ ನಿಷೇಧ ಹಚ್ಚಬೇಕು. ಚಾಸರ್ ಕವಿಯ ಇಂಗ್ಲಿಷಿನಲ್ಲೂ ಒಂದೇ ವಾಕ್ಯದಲ್ಲಿ ಹಲವು ನಿಷೇಧಗಳು ಸಹಜವಾಗಿದ್ದವು. ಎರಡು ನಿಷೇಧ ಸೇರಿದರೆ ‘ಹೌದು’ ಎಂದಾಗುತ್ತದೆ ಎಂಬ ಗಣಿತದ ನಿಯಮವನ್ನು 18ನೆಯ ಶತಮಾನದ ವ್ಯಾಕರಣಕಾರರು ಇಂಗ್ಲಿಷ್ ಬರಹಕ್ಕೆ ಬಿಗಿಯಾಗಿ ಹೇರಿದರು. ಆಡುವ ಜನಕ್ಕೆ ಎರಡನೆಯ ನಿಷೇಧ ಮೊದಲನೆಯದರ ಶತ್ರುವಲ್ಲ, ಆಸರೆ.

ಇಷ್ಟೆಲ್ಲಕ್ಕೂ ಬೇರಾದ ‘ನೆ’ ಎಲ್ಲಿಂದ ಬಂತು? ಮೂಗು ಮುರಿದು ಅಸಹ್ಯ ತೋರಿಸುವಾಗ ಹೊರಡುವ ಅನುನಾಸಿಕ ಉದ್ಗಾರವೇ ‘ನೆ’ ಮತ್ತು ‘ಮೇ’ಗಳ ಮೂಲವಿರಬಹುದು ಎಂದು ಯೆಸ್ಪರ್ಸನ್ ಊಹಿಸಿದ್ದರು. ಹೋಲಿಕೆಯ ವಿಧಾನ ತಾಯಿಭಾಷೆಯವರೆಗೆ ಮಾತ್ರ ಕೊಂಡೊಯ್ಯುತ್ತದೆ. ಅದರಾಚೆಗಿನ ಈ ಊಹೆಯನ್ನು ಪರೀಕ್ಷಿಸಲು ಸಾಧನವಿಲ್ಲ. ಅನುನಾಸಿಕವೇ ಮನುಷ್ಯನ ಸಹಜ ನಿಷೇಧ ಎನ್ನುವುದೂ ಸರಿಯಲ್ಲ. ಕನ್ನಡದ ‘ಇಲ್ಲ’, ಅರಬ್ಬಿಯ ‘ಲಾ’, ಫಿನ್ನಿಶ್‌ನ ‘ಎಯ್’ ಇವುಗಳಲ್ಲಿ ಅನುನಾಸಿಕವೇ ಇಲ್ಲ.

ಕನ್ನಡದ ಸ್ವಂತ ನಿಷೇಧದಲ್ಲಿ ಇಲ್ಲದ ನಕಾರ ಕನ್ನಡದ ನಿತ್ಯದ ಮಾತಿನಲ್ಲಿ ನಾಲ್ಕು ದಾರಿಯಿಂದ ಬಂದು ನೆಲೆಸಿದೆ. ‘ಅನ್ಯಾಯ’ದ ಅಕಾರ ಸಂಸ್ಕೃತದ್ದು. ‘ನಾಪತ್ತೆ’, ‘ನಾಲಾಯಕ್ಕು’ ಪದಗಳ ‘ನಾ’ ಪರ್ಷಿಯನ್ನಿನದು. ‘ನಾನ್‌ವೆಜ್’ ಎಂಬಲ್ಲಿನ ‘ನಾನ್’ ರೋಮನ್ನರ ‘ಒಂದೂ ಇಲ್ಲ’. ರಸ್ತೆಬದಿಯ ‘ನೋ ಪಾರ್ಕಿಂಗ್’ ಫಲಕದ ‘ನೋ’ ಹಳೆಯ ಇಂಗ್ಲಿಷಿನ ‘ನೆ’ ಮತ್ತು ‘ಒಂದು’ ಕೂಡಿ ಆದದ್ದು. ಉತ್ತರವಾಗಿ ಹೇಳುವ ‘ನೋ’ ಅದಲ್ಲ, ಅದರೊಳಗೆ ಆಯುಸ್ಸು ಇದೆ. ನಾಲ್ಕರ ಬೇರೂ ಬರಹವೇ ಇಲ್ಲದ ಕಾಲದ ಜನರ ಬಾಯಲ್ಲಿದ್ದ ‘ನೆ’ ಎಂಬ ಒಂದೇ ಅಕ್ಷರ.